ಸಾವಕಾರನ ಕಿಂಡಿ

ಶ್ರೀಶೈಲ ಕಣ್ಣು ಮುಚ್ಚಿಕೊಂಡು ಮಲಗಿದ್ದ. ನಿದ್ದೆ ಬಂದಿರಲಿಲ್ಲ. ನಿದ್ದೆ ಬಂದವನ ಹಾಗೆ ಕಾಣಬೇಕಾಗಿತ್ತು ಅಷ್ಟೇ, ಅದೂ ಒಂದು ನಾಯಿಯ ಕಣ್ಣಿಗೆ. ಬೆಳಗಿನ ಬಿಸಿಲು ಕಿಟಕಿ ದಾಟಿ ಪಡಸಾಲೆಗೆ ಬಂದು ಗೋಡೆಗೆ ತಾಗಿ ನಿಂತಿತ್ತು. ಹೋದ ವರ್ಷ ಈ ಹೊತ್ತಿಗೆ ಅಲ್ಲಿ ಗೋಡೆಯೇ ಇರಲಿಲ್ಲ. ಬಿಸಿಲು ಆಚೆಯ ಎಮ್ಮೆಯ ಗೋದಲಿಯವರೆಗೂ ಹರಿಯುತ್ತಿತ್ತು. ಈಗ ಆ ಅರ್ಧ ಅಣ್ಣ ಮಹಾದೇವನದು, ಈ ಅರ್ಧ ತನ್ನದು. ಗೋಡೆಯ ಬುಡದಲ್ಲಿ ಮೊಣಕಾಲೆತ್ತರದ ಒಂದು ಕಿಂಡಿ. ಅದರ ಕಡೆಗೆ ತಲೆಯಿಟ್ಟು, ಮಗ್ಗುಲಲ್ಲಿ ಅಳತೆ ಮಾಡಿದಂತೆ ಜಾಗ ಬಿಟ್ಟು, ಮೂವತ್ತು ದಾಟಿದ ಗಂಡಸು, ಬೈಲಹೊಂಗಲದಲ್ಲಿ ಪಂಪಿನ ಮೋಟಾರು ರಿಪೇರಿಯ ಅಂಗಡಿ ಇಟ್ಟವನು, ಅಂಗಡಿಗೆ ಹೋಗದೆ ಬೆಳಗಿನಿಂದ ಹೀಗೆ ಬಿದ್ದುಕೊಂಡಿದ್ದ. ಸಂಜೆ ಗೌಂಡಿ ಲಕ್ಕಪ್ಪ ಬಂದು ಆ ಕಿಂಡಿ ಮುಚ್ಚುವವನಿದ್ದ. ಅಷ್ಟರೊಳಗೆ ಸಾವಕಾರ ಒಂದು ಸಲವಾದರೂ ಈ ಕಡೆ ಬಂದು ಮಲಗಿದರೆ ಕಿಂಡಿ ಉಳಿಯುತ್ತಿತ್ತು.

ಸಾವಕಾರ ಅಂದರೆ ನಾಯಿ. ಮರಿಯಿದ್ದಾಗ ಎಲ್ಲಿಂದಲೋ ಬಂದು, ಯಾರನ್ನೂ ಕೇಳದೆ ಪಡಸಾಲೆ ಏರಿ, ಅಪ್ಪನ ಲೋಡಿಗೆ ಒರಗಿ ಕೂತದ್ದಕ್ಕೆ ಅಪ್ಪನೇ ಇಟ್ಟ ಹೆಸರು. “ಬರ್ರಿ ಸಾವಕಾರ್ರ, ಕುಂತ್ರಿ” ಎಂದು ಮಕ್ಕಳಿಗೆ ಕೊಡದ ಮರ್ಯಾದೆಯನ್ನು ಅಪ್ಪ ಅದಕ್ಕೆ ಕೊಡುತ್ತಿದ್ದ. ಅಪ್ಪ ಇರುವ ತನಕ ಅದು ಅಪ್ಪನ ಹೊರಸಿನ ಕೆಳಗೆ ಮಲಗುತ್ತಿತ್ತು, ಹಾಗಾಗಿ ಅದು ಯಾರ ನಾಯಿ ಎಂಬ ಮಾತೇ ಏಳಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಬೇರೆಯಾದರು. ಜಗಳವೇನೂ ಆಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು, ಆಮೇಲೆ ರಾಜಿ ಮಾಡಿಕೊಳ್ಳಲು ಏನಾದರೂ ಇರುತ್ತಿತ್ತು ಎಂದು ಶ್ರೀಶೈಲನಿಗೆ ಎಷ್ಟೋ ಸಲ ಅನ್ನಿಸಿದೆ. ಹೊಲ ಪಾಲಾಯಿತು, ಎಮ್ಮೆಗಳು ಪಾಲಾದವು, ಒರಳು ಒಬ್ಬರಿಗೆ ಹೋಗಿ ಒನಕೆ ಇನ್ನೊಬ್ಬರಿಗೆ ಬಂತು. ಪಡಸಾಲೆಯ ನಡುವೆ ಗೋಡೆಗೆ ಪಾಯ ತೋಡಿದ ದಿನ ಸಾವಕಾರ ಬಂದು ಆ ಪಾಯದೊಳಗೇ ಕಾಲು ಚಾಚಿಬಿಟ್ಟಿತು. ಲಕ್ಕಪ್ಪ ಕರಣಿ ಕೆಳಗಿಟ್ಟು ಹಿರಿಯರ ಮುಖ ನೋಡಿದ. ತಮ್ಮೂರು ಚಚಡಿಯಲ್ಲಿ ಇಂಥ ಪಾಲುಗಳನ್ನು ಎಷ್ಟೋ ಮಾಡಿ ಮುಗಿಸಿದ ಶಂಕರೆಪ್ಪ ಕಾಕಾ ಎಲೆಯಡಿಕೆ ಉಗುಳಿ ಬಾಯಿ ಒರೆಸಿಕೊಂಡ.

“ನಾಯೀನ ಪಾಲ ಹಾಕಾಕ ಬರೂದಿಲ್ರೆಪಾ,” ಎಂದ ಆಮೇಲೆ. “ಅದಕ್ಕೊಂದು ಕಿಂಡಿ ಬಿಡ್ರಿ. ಬಸವ ಜಯಂತಿ ಮಟಾ ನೋಡ್ರಿ. ಎರಡೂ ಕಡೆ ಮಲಗಿದ್ರ ಕಿಂಡಿ ಇರಲಿ. ಒಂದ ಕಡೆ ಮಲಗಿದ್ರ ಅದ ಅದರ ಮನಿ. ಆಮ್ಯಾಲ ಕಿಂಡಿ ಯಾಕ, ಮುಚ್ಚಿಬಿಡ್ರಿ.”

ಎಲ್ಲರೂ ನಕ್ಕರು. ಶ್ರೀಶೈಲನೂ ನಕ್ಕ. ನಿನ್ನೆಗೆ ಬಸವ ಜಯಂತಿ ಮುಗಿದಿತ್ತು. ಸಾವಕಾರ ದಿನಕ್ಕೆ ನಾಲ್ಕಾರು ಸಲ ಕಿಂಡಿಯಿಂದ ಈಚೆ ಬರುವುದು, ಬಕೆಟ್ಟಿನ ನೀರು ಕುಡಿಯುವುದು, ಮೂಲೆಮೂಲೆ ಮೂಸಿ ಏನೋ ಲೆಕ್ಕ ತಪಾಸಣೆಗೆ ಬಂದವರ ಹಾಗೆ ಒಂದು ಸುತ್ತು ಹಾಕುವುದು, ಮಲಗಲು ಮಾತ್ರ ಆಚೆ ಹೋಗುವುದು. ಈ ಕಡೆ ಅದು ಕಾಲು ಮಡಚಿ ಕೂತದ್ದೂ ಇಲ್ಲ.

ಬೆಳಿಗ್ಗೆ ಅಣ್ಣ ಬೇವಿನ ಕಡ್ಡಿ ಕಚ್ಚಿಕೊಂಡೇ ಹೇಳಿದ್ದ. “ಸಂಜಿಮುಂದ ಲಕ್ಕಪ್ಪ ಬರತಾನ. ಕಿಂಡಿ ಮುಚ್ಚಿಸಿಬಿಡೂನು. ನಮ್ಮ ಹುಡುಗೀನ ನೋಡಾಕ ಮಂದಿ ಬರವ್ರದಾರ, ಗ್ವಾಡಿಯಾಗ ತೂತ ಇದ್ರ ಚಂದ ಕಾಣೂದಿಲ್ಲ.”

“ಮತ್ತ ಸಾವಕಾರ?”

“ಅದೇನ ನಿನ್ನ ಕಡೆ ಮಲಗತೈತೇನು? ಬರೂದಿದ್ರ ಬಾಗಿಲ್ದಾಗ ಬರತೈತಿ ಬಿಡು.”

ಅಣ್ಣನ ಮಾತಿನಲ್ಲಿ ಯಾವ ವಿಷವೂ ಇರಲಿಲ್ಲ. ಅದೇ ತೊಂದರೆ. ಬಾಗಿಲು ಇತ್ತು, ಸಾಗವಾನಿಯದು, ಬೇರೆಯಾದ ಮೇಲೆ ಬೀದಿಯ ಗೋಡೆ ಒಡೆದು ಹೊಸದಾಗಿ ಕೂರಿಸಿದ್ದು. ಹೆಂಡತಿ ಗಂಗಾ ಶೀಗಿ ಹುಣ್ಣಿಮೆಗೆ ರಾಮದುರ್ಗದ ತವರಿಗೆ ಹೋದಾಗಿನಿಂದ ಆ ಬಾಗಿಲಿನಿಂದ ಒಳಗೆ ಬಂದವನು ತಾನೊಬ್ಬನೇ. ಹಾಲಿನವನೂ ಹೊರಗಿನಿಂದಲೇ ಕೂಗುತ್ತಿದ್ದ. ಕಿಂಡಿಯಿಂದಾದರೆ ಅಣ್ಣನ ಗೊರಕೆ ಬರುತ್ತಿತ್ತು, ಅವನ ಹೆಂಡತಿ ವೈನಿ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು, ಒಗ್ಗರಣೆಯ ವಾಸನೆ ಬರುತ್ತಿತ್ತು. ಇದನ್ನೆಲ್ಲ ಅಣ್ಣನಿಗೆ ಹೇಗೆ ಹೇಳುವುದು? “ಸಂಜೀ ಮಟಾ ನೋಡೂನಂತ” ಎಂದಷ್ಟೇ ಹೇಳಿದ. ಅಣ್ಣ ಉಗುಳಿ, “ನೋಡು” ಎಂದು ಹೊಲಕ್ಕೆ ಹೋದ.

ನಾಯಿ ಅಣ್ಣನ ಮಗ್ಗುಲನ್ನೇ ಏಕೆ ಹುಡುಕಿಕೊಂಡು ಹೋಗುತ್ತದೆ ಎಂಬುದನ್ನು ಶ್ರೀಶೈಲ ಈ ಕೆಲವು ತಿಂಗಳುಗಳಲ್ಲಿ ಯೋಚಿಸಿದಷ್ಟು ಬೇರೆ ಯಾರೂ ಯೋಚಿಸಿರಲಿಕ್ಕಿಲ್ಲ. ಸುಟ್ಟ ಮೋಟಾರು ಬಿಚ್ಚಿ ದೋಷ ಎಲ್ಲಿದೆ ಎಂದು ಹುಡುಕುವುದು ಅವನ ಕಸುಬು; ಇದನ್ನೂ ಹಾಗೇ ಒಂದೊಂದೇ ಸುರುಳಿ ಬಿಚ್ಚಿ ನೋಡಿದ. ವಾಸನೆ ಇರಬೇಕು ಅಂದುಕೊಂಡು ಮೊದಲೇ, ಪಾಲಿನ ಹೊತ್ತಿಗೇ, ತನಗೆ ಬರಬೇಕಾಗಿದ್ದ ತಾಮ್ರದ ಹಂಡೆ ಬಿಟ್ಟುಕೊಟ್ಟು ಅಪ್ಪ ಹೊದೆಯುತ್ತಿದ್ದ ಕರಿಯ ಕಂಬಳಿ ಕೇಳಿ ತೆಗೆದುಕೊಂಡಿದ್ದ. ಹಂಡೆ ಬಿಟ್ಟು ಹಳೆಯ ಕಂಬಳಿ ತೆಗೆದುಕೊಂಡವನ ತಲೆ ನೆಟ್ಟಗಿಲ್ಲ ಎಂದು ಪಂಚರು ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದರು. ಸಾವಕಾರ ಆ ಕಂಬಳಿಯನ್ನು ಒಮ್ಮೆ ಮೂಸಿ, ಅದರೊಳಗೆ ಈಗ ಅಪ್ಪ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ಕಿಂಡಿಯಿಂದ ಆಚೆ ಹೋಯಿತು. ಆಮೇಲೆ ತಿನ್ನಿಸಿ ನೋಡಿದ. ಹಾಲಿನಲ್ಲಿ ರೊಟ್ಟಿ ಮುರಿದು ಹಾಕಿದರೆ ತಿಂದು, ಬಾಲ ಆಡಿಸಿ, ಋಣ ತೀರಿಸಿದವರಂತೆ ಹೊರಟುಹೋಗುತ್ತಿತ್ತು. ಕಡೆಗೆ ಅಣ್ಣನ ಗೊರಕೆಯೇ ಕಾರಣವಿದ್ದೀತು ಅನ್ನಿಸಿತು. ಒಂದು ಮಧ್ಯಾಹ್ನ ಮಲಗಿ ತಾನೂ ಗೊರಕೆ ಹೊಡೆಯಲು ಸುರು ಮಾಡಿದ. ಮೊದಮೊದಲು ನಾಚಿಕೆಯಾಯಿತು, ಆಮೇಲೆ ಅದರ ಲಯ ಸಿಕ್ಕಿ ಒಳ್ಳೆಯ ಗೊರಕೆಯೇ ಬರತೊಡಗಿತು. ಅಷ್ಟರಲ್ಲಿ ಕಿಂಡಿಯಲ್ಲಿ ವೈನಿ ಸಾವಿತ್ರೆವ್ವನ ಮುಖ ಕಂಡಿತು.

“ಯಾಕ ತಮ್ಮಾ, ಗಂಟಲಾಗ ಏನರ ಸಿಕ್ಕೈತೇನು?”

“ಏನಿಲ್ರಿ ವೈನಿ.”

“ನೀರ ಕುಡಿ.” ಆಕೆ ಮುಖ ಹಿಂದಕ್ಕೆ ತೆಗೆದುಕೊಂಡಳು. ಆಚೆ ಅಣ್ಣನ ಮಗಳಿಗೆ ಏನೋ ಹೇಳಿ ಇಬ್ಬರೂ ನಕ್ಕದ್ದು ಕೇಳಿಸಿತು. ಗೋಡೆ ಇನ್ನೂ ತೊಲೆಗೆ ಮುಟ್ಟಿರಲಿಲ್ಲ, ಮೇಲೆ ಒಂದು ಮೊಳದಷ್ಟು ಖಾಲಿ ಇತ್ತು. ಮುಚ್ಚಿಟ್ಟು ನಗುವುದಕ್ಕೂ ಆ ಮನೆಯಲ್ಲಿ ಅನುಕೂಲವಿರಲಿಲ್ಲ. ಅವನು ಎದ್ದು ನಿಜವಾಗಿಯೂ ನೀರು ಕುಡಿದ.

ಅಣ್ಣ ಹಾಗಲ್ಲ. ಅಣ್ಣ ಎಲ್ಲಿ ಒರಗಿದರೂ ಅದೇ ಅವನ ಹಾಸಿಗೆ. ಸಣ್ಣವರಿದ್ದಾಗ ಅವ್ವನ ಎಡಕ್ಕೆ ಅಣ್ಣ, ಬಲಕ್ಕೆ ತಾನು; ದೀಪ ಆರಿಸುವ ಮೊದಲೇ ಅಣ್ಣನಿಗೆ ನಿದ್ದೆ. ತಾನು ಕಣ್ಣು ಮುಚ್ಚಿಕೊಂಡು, ಅಪ್ಪ ಅವ್ವ ತನ್ನ ಬಗ್ಗೆ ಏನಾದರೂ ಅಂದಾರು ಎಂದು ಕಾಯುತ್ತಿದ್ದ. ಅವರು ಮಳೆಯ ಬಗ್ಗೆ, ಬೀಜದ ಬಗ್ಗೆ, ಯಾರದೋ ಮದುವೆಯ ಬಗ್ಗೆ ಮಾತಾಡುತ್ತಿದ್ದರು. ಹಾಗೆ ಕಾದು ಕಾದು, ನಿದ್ದೆ ಮಾಡಿದವರ ಹಾಗೆ ಉಸಿರಾಡುವುದು ಅವನಿಗೆ ಚಿಕ್ಕಂದಿನಲ್ಲೇ ರೂಢಿಯಾಯಿತು. ಯಾರೂ ಅವನ ಮೇಲೆ ಒರಗಲಿಲ್ಲ. ಹೋದ ವಾರ ಯರಗಟ್ಟಿಯಲ್ಲಿ ಬಸ್ಸು ಬದಲಿಸಿ ರಾಮದುರ್ಗದ ಬಸ್ಸಿನಲ್ಲಿ ಕೂತಾಗ ಮಾತ್ರ, ಪಕ್ಕದ ಸೀಟಿನ ಅಪರಿಚಿತ ಮುದುಕ ತೂಕಡಿಸಿ ತೂಕಡಿಸಿ ಅವನ ಭುಜಕ್ಕೆ ತಲೆಯಿಟ್ಟ. ಹೊಗೆಸೊಪ್ಪಿನ ವಾಸನೆ, ಎಣ್ಣೆ ಹತ್ತಿದ ರುಮಾಲು. ಶ್ರೀಶೈಲ ಭುಜ ಅಲುಗಿಸಲಿಲ್ಲ. ಕೈ ಜೋಮು ಹಿಡಿದರೂ ಹಾಗೇ ಕೂತ. ಸಂತೋಷವಾಗುತ್ತಿದೆ ಎಂದು ಗೊತ್ತಾದಾಗ ಅವನಿಗೆ ತನ್ನ ಬಗ್ಗೆ ಹೇಸಿಗೆಯೂ ಆಯಿತು. ಯಾವುದೋ ಗತಿರೋಧಕಕ್ಕೆ ಬಸ್ಸು ಎಗರಿದಾಗ ಮುದುಕ ಎಚ್ಚೆತ್ತು, ಇವನನ್ನು ನೋಡಿ, ರುಮಾಲು ಸರಿ ಮಾಡಿಕೊಂಡು ಒಂದು ಗೇಣು ಆಚೆ ಸರಿದು ಕೂತ.

ರಾಮದುರ್ಗದಲ್ಲಿ ಅತ್ತೆ ಚಹಾ ಕೊಟ್ಟು ಒಳಗೆ ಹೋದಳು. ಗಂಗಾ ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಹೋಗೋಣ ನಡೆ ಎನ್ನಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದ ಮಾತು ಬಾಯಿಗೆ ಬರಲಿಲ್ಲ. ಜೋಳ ಚಲೋ ಅದಾವ ಎಂದ. ಹೌದ್ರಿ ಎಂದಳು. ಆಮೇಲೆ ಮೊರದಿಂದ ಕಣ್ಣೆತ್ತದೆಯೇ, “ಅವತ್ತ ನೀವು ಎಚ್ಚರ ಇದ್ರಿ” ಎಂದಳು.

ಯಾವತ್ತು ಎಂದು ಅವನು ಕೇಳಲಿಲ್ಲ. ಹೊಟ್ಟೆಯಲ್ಲಿದ್ದದ್ದು ಉಳಿಯದೆ ದವಾಖಾನೆಯಿಂದ ಮನೆಗೆ ಬಂದ ರಾತ್ರಿ. ಗಂಗಾ ಗೋಡೆಯ ಕಡೆ ಮುಖ ಮಾಡಿ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಅವನಿಗೂ ಅಳು ಬಂದಿತ್ತು. ಏನು ಹೇಳಬೇಕು, ಕೈ ಎಲ್ಲಿಡಬೇಕು, ಬೆನ್ನ ಮೇಲೋ ತಲೆಯ ಮೇಲೋ, ಇಟ್ಟರೆ ಆಕೆ ಕೊಡವಿದರೆ ಏನು ಮಾಡಬೇಕು ಎಂದು ಗೊತ್ತಾಗದೆ, ಗೊತ್ತಿದ್ದ ಒಂದೇ ಕೆಲಸವನ್ನು ಮಾಡಿದ. ಉಸಿರು ಉದ್ದ ಮಾಡಿ ನಿದ್ದೆ ಬಂದವನಂತೆ ಮಲಗಿದ. ಬೆಳಗಿನ ತನಕ ಹಾಗೇ ಇದ್ದ.

“ನಿದ್ದಿ ಬಂದಿದ್ರ ನಾ ಏನೂ ಅಂತಿದ್ದಿಲ್ಲ,” ಎಂದಳು ಗಂಗಾ. ಸಿಟ್ಟಿರಲಿಲ್ಲ ದನಿಯಲ್ಲಿ. “ನಿದ್ದಿ ಮಾಡವ್ರ ಮಗ್ಗಲದಾಗ ಅಳಬಹುದ್ರಿ. ನಿದ್ದಿ ಮಾಡಿದಂಗ ಮಾಡವ್ರ ಮಗ್ಗಲದಾಗ ಹೆಂಗ ಮಲಗೂದು?”

ಅವನು ಚಹಾದ ಬಟ್ಟಲು ಕೆಳಗಿಟ್ಟು, “ಬಸ್ಸಿಗೆ ಹೊತ್ತಾತು” ಎಂದ. ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ನಿಲ್ದಾಣದ ಕಲ್ಲಿನ ಮೇಲೆ ಕೂತು, ಹೇಳಬಹುದಾಗಿದ್ದ ಮಾತುಗಳನ್ನೆಲ್ಲ ಒಂದೊಂದಾಗಿ ತನಗೇ ಹೇಳಿಕೊಂಡ.

ಕಿಂಡಿಯಲ್ಲಿ ಉಗುರಿನ ಸಪ್ಪಳವಾಯಿತು. ಬಂತು. ಶ್ರೀಶೈಲ ಕಣ್ಣನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಂಡ. ಸಾವಕಾರ ಮೈ ಕೊಡವಿದ್ದು ಕೇಳಿಸಿತು, ಮೂಗು ನೆಲದ ಮೇಲೆ ಸರಿದಾಡಿದ್ದು ಕೇಳಿಸಿತು, ಆಮೇಲೆ ಅದರ ಬಿಸಿ ಉಸಿರು ಅವನ ಕಿವಿಗೇ ತಾಗಿತು. ಮಲಗು, ಎಂದು ಒಳಗೊಳಗೇ ಬೇಡಿಕೊಂಡ. ಜಾಗ ಬಿಟ್ಟೇನಿ, ಕಂಬಳಿ ಹಾಸೇನಿ, ಇನ್ನೇನ ಬೇಕೋ ನಿನಗ, ಮಲಗಪಾ. ತಾನು ಉಸಿರು ಹಿಡಿದುಕೊಂಡಿದ್ದೇನೆ ಎಂಬುದು ಆಮೇಲೆ ಹೊಳೆಯಿತು. ಉಸಿರು ಬಿಡಬೇಕೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ತಡೆಯಲಾರದೆ ಒಂದು ಕಣ್ಣನ್ನು ಕೂದಲೆಳೆಯಷ್ಟು ತೆರೆದ. ಸಾವಕಾರ ನೆಟ್ಟಗೆ ಅದೇ ಕಣ್ಣನ್ನು ನೋಡುತ್ತ ನಿಂತಿತ್ತು. ಇಬ್ಬರೂ ಸ್ವಲ್ಪ ಹೊತ್ತು ಹಾಗೇ ನೋಡಿಕೊಂಡರು. ತಪ್ಪಿ ಬೇರೆಯವರ ಮನೆ ಹೊಕ್ಕವರ ಹಾಗೆ ಅದು ಮೆಲ್ಲಗೆ ತಿರುಗಿ, ಬಾಲವನ್ನೂ ಆಡಿಸದೆ, ಕಿಂಡಿ ದಾಟಿತು.

“ಎಚ್ಚರ ಅದೇನಿ, ಹೌದು,” ಎಂದ ಶ್ರೀಶೈಲ ಕಿಂಡಿಯ ಕಡೆ ತಿರುಗಿ. ದನಿ ಅವನು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿತ್ತು. “ಏನ ಮಾಡ್ಲಿ ಅದಕ್ಕ?”

“ಯಾರ ಕೂಡ ಮಾತಾಡಾಕ ಹತ್ತಿ ತಮ್ಮಾ?” ಆಚೆಯಿಂದ ವೈನಿ.

“ಯಾರ ಕೂಡೂ ಇಲ್ರಿ.”

“ಹೊತ್ತ ಏರೈತಿ. ಏನರ ಉಂಡಿಯೋ ಇಲ್ಲೋ?”

ಸ್ವಲ್ಪ ಹೊತ್ತಿಗೆ ಕಿಂಡಿಯಿಂದ ಬಳೆಯ ಕೈಯೊಂದು ಈಚೆ ಬಂದು ತಾಟು ತಳ್ಳಿತು. ಎರಡು ಬಿಸಿ ರೊಟ್ಟಿ, ಪುಂಡಿಪಲ್ಯ, ಒಂದು ಉಳ್ಳಾಗಡ್ಡಿ. ಸುಡು ಬಿಸಿಲಿನಲ್ಲಿ ಬೀದಿ ಸುತ್ತಿ ಬರುವುದು ಬೇಡವೆಂದು ಆಕೆ ಹತ್ತಿರದ ದಾರಿ ಹಿಡಿದಿದ್ದಳು ಅಷ್ಟೇ. ಅದರಲ್ಲಿ ಬೇರೆ ಅರ್ಥ ಹುಡುಕುವ ಹೆಣ್ಣುಮಗಳಲ್ಲ ಅವಳು. ನಾಯಿಯ ಕಿಂಡಿಯಿಂದ ಬಂದ ಅನ್ನ ಎಂದು ಶ್ರೀಶೈಲನಿಗೆ ಅನ್ನಿಸಿತು. ತಾಟನ್ನು ಹಿಂದಕ್ಕೆ ತಳ್ಳಬೇಕು ಅನ್ನಿಸಿತು. ಆದರೆ ಹಸಿವಾಗಿತ್ತು. ನೆಲದ ಮೇಲೆ ಕೂತು ಉಂಡ. ಉಣ್ಣುತ್ತಿದ್ದ ಹಾಗೆ ಕಣ್ಣಲ್ಲಿ ನೀರು ಬಂತು, ಖಾರ ಹೆಚ್ಚಾಗಿದೆ ಎಂದುಕೊಂಡ. ರೊಟ್ಟಿ ಮುಗಿದು ಕೈ ತೊಳೆದ ಮೇಲೂ ನೀರು ನಿಲ್ಲಲಿಲ್ಲ. ಆಗ ಖಾರದ ನೆಪ ಬಿಟ್ಟು ಸುಮ್ಮನೆ ಅತ್ತ. ಗಂಗಾ ಅತ್ತ ರಾತ್ರಿ ಅಳಬೇಕಾಗಿದ್ದದ್ದೂ ಅದರಲ್ಲಿತ್ತು, ಅಪ್ಪನದೂ ಇತ್ತು. ಯಾರಿಗೆ ಕೇಳಿಸಿದರೆ ಏನು, ಸಂಜೆಗೆ ಹೇಗೂ ಮುಚ್ಚುತ್ತಾರೆ. ಇನ್ನು ಯಾವ ನಾಯಿಯೂ ಬೇಡ, ಕಿಂಡಿಯೂ ಬೇಡ ಎಂದುಕೊಂಡು, ಕಂಬಳಿಯನ್ನು ಕಾಲಿನಿಂದ ಆಚೆ ನೂಕಿ, ಬರೀ ನೆಲದ ಮೇಲೆ, ಜಾಗ ಗೀಗ ನೋಡದೆ, ಕೈಕಾಲು ಹೇಗೆ ಬಿದ್ದವೋ ಹಾಗೆ ಬಿದ್ದುಕೊಂಡ. ಅಲ್ಲಿಂದ ಮುಂದಿನದು ಅವನಿಗೆ ಗೊತ್ತಿಲ್ಲ.

ಕಣ್ಣು ಬಿಟ್ಟಾಗ ಬಿಸಿಲು ಹಳದಿಯಾಗಿ ತೊಲೆಗೆ ಏರಿತ್ತು. ಹಸಿ ಸಿಮೆಂಟಿನ ವಾಸನೆ ಬರುತ್ತಿತ್ತು. ಅವನು ಮೊದಲು ನೋಡಿದ್ದು ಕಿಂಡಿಯ ಕಡೆಗೆ. ಅಲ್ಲಿ ಕಿಂಡಿ ಇರಲಿಲ್ಲ, ಬೂದು ಬಣ್ಣದ ಒದ್ದೆ ಚೌಕ ಇತ್ತು. ಎಡಗೈ ಜೋಮು ಹಿಡಿದು ಬೇರೆಯವರದಾಗಿತ್ತು. ಎತ್ತಿ ನೋಡಿದರೆ ತೋಳಿನ ಮೇಲೆಲ್ಲ ಕಂದು ಕೂದಲು, ಬನಿಯನ್ನಿನ ಮೇಲೂ ಕೂದಲು, ಮೊಣಕೈಯ ಮಡಿಕೆಯಲ್ಲಿ ಜೊಲ್ಲಿನ ಪಸೆ. ಮಗ್ಗುಲಿನ ನೆಲದ ಮೇಲೆ ಅಂಗೈ ಊರಿದ. ಬೆಚ್ಚಗಿತ್ತು. ತನ್ನದೇ ಮೈಯ ಬಿಸಿ ಇರಬಹುದೆಂದು ಇನ್ನೂ ಸ್ವಲ್ಪ ಆಚೆ, ತನ್ನ ಮೈ ಮುಟ್ಟಲಾರದ ಕಡೆ ಊರಿದ. ಅಲ್ಲಿಯೂ ಬೆಚ್ಚಗಿತ್ತು.

ಬಾಗಿಲು ಕಿರ್ ಎಂದಿತು. ವೈನಿ ಚಹಾದ ಬಟ್ಟಲು ಹಿಡಿದು ಹೊಸ್ತಿಲು ದಾಟಿ ಒಳಗೆ ಬಂದಳು.

“ಏನ ನಿದ್ದಿ ಮಾಡಿದಿ ತಮ್ಮಾ,” ಎಂದಳು. “ಖರೇ ಗೊರಕಿ ಹೊಡ್ಯಾಕ ಹತ್ತಿದ್ದಿ. ಸಾವಕಾರ ನಿನ್ನ ತೋಳಿನ ಮ್ಯಾಲ ತಲಿ ಇಟ್ಟು ಮಲಗಿತ್ತ ನೋಡು. ಲಕ್ಕಪ್ಪ ಕರದಾ, ನಾ ಕರದ್ನಿ, ಕಿವೀನೂ ಅಲುಗಸಲಿಲ್ಲ. ಕಡೀಕ ಹಾಲಾಗ ರೊಟ್ಟಿ ಮುರದು ತೋರಿಸಿದ ಮ್ಯಾಲ ಬಂತು.”

“ನನ್ನ ಎಬ್ಬಿಸಬೇಕಿಲ್ರಿ?”

“ಎಬ್ಬಸ್ತಿದ್ನಿ. ನಿಮ್ಮಣ್ಣಾರು ಬ್ಯಾಡಂದ್ರು. ಎಷ್ಟ ದಿನಕ್ಕ ನಿದ್ದಿ ಹತ್ತೇತಿ ಅಂವಗ, ಸಪ್ಪಳ ಮಾಡಬ್ಯಾಡ್ರಿ ಅಂದ್ರು. ಲಕ್ಕಪ್ಪ ಇಟ್ಟಂಗಿ ಹೂವಿನಂಗ ಇಟ್ಟಾನ, ಪಾಪ.”

“ಈ ಕಡೆ ಮಲಗಿದ್ರ ಕಿಂಡಿ ಇರಲಿ ಅಂತ ಕಾಕಾ...”

“ಅದೂ ಮಾತ ಬಂತು. ಸಿಮಿಟಿ ಕಲಿಸಿ ಆಗಿತ್ತಲ್ಲ, ಬಿಗದಕ್ಕತೈತಿ ಅಂದಾ ಲಕ್ಕಪ್ಪ.” ಆಕೆ ಬಟ್ಟಲನ್ನು ಅವನ ಮುಂದಿಟ್ಟಳು. “ಆರತೈತಿ, ಕುಡಿ.”

ಅವಳು ಹೋದ ಮೇಲೆ ಶ್ರೀಶೈಲ ಚಹಾ ಮುಟ್ಟದೆ ಕೂತ. ಸಿಟ್ಟು ಬರಬೇಕಾಗಿತ್ತು, ಎಲ್ಲಿ ಹುಡುಕಿದರೂ ಸಿಗಲಿಲ್ಲ. ಅಣ್ಣ ತನ್ನ ನಿದ್ದೆ ಕಾಯುತ್ತ ನಿಂತಿದ್ದ. ಲಕ್ಕಪ್ಪ ನೋಡಿದ್ದ, ವೈನಿ ನೋಡಿದ್ದಳು, ಅಣ್ಣನ ಮಗಳೂ ಬಗ್ಗಿ ನೋಡಿರಬೇಕು. ಇಷ್ಟು ದಿನ ಎಚ್ಚರವಿದ್ದು ಕಾದದ್ದು ಬಂದಾಗ ನೋಡದೆ ಹೋದವನು ತಾನೊಬ್ಬನೇ. ಹೇಗಿತ್ತು ಅದು, ಬಂದಕೂಡಲೇ ಮಲಗಿತೋ, ಸುತ್ತು ಹಾಕಿ ಮಲಗಿತೋ, ತಲೆಯಿಟ್ಟು ಉಸಿರು ಬಿಟ್ಟಿತೋ, ಯಾರನ್ನು ಕೇಳುವುದು. ಮೊಬೈಲು ತೆಗೆದು ಗಂಗಾಳ ಹೆಸರಿನ ಮೇಲೆ ಬೆರಳಿಟ್ಟ. ನನಗ ಇವತ್ತ ಖರೇ ನಿದ್ದಿ ಬಂದಿತ್ತು ಎನ್ನಬೇಕಿತ್ತು. ಆಕೆ ಸಾಕ್ಷಿ ಕೇಳುವವಳಲ್ಲ. ಆದರೂ ಬೆರಳು ಒತ್ತಲಿಲ್ಲ, ಮೊಬೈಲನ್ನು ಕಂಬಳಿಯ ಮೇಲಿಟ್ಟ.

ಗೋಡೆಯ ಆಚೆ ಉಗುರು ಕೆರೆಯುವ ಸಪ್ಪಳವಾಯಿತು. ಒದ್ದೆ ಚೌಕದಿಂದ ಮರಳಿನ ಒಂದೆರಡು ಕಣ ಈಚೆ ಉದುರಿದವು. ಶ್ರೀಶೈಲ ತೆವಳಿಕೊಂಡು ಹತ್ತಿರ ಹೋದ. ಸಿಮೆಂಟು ಇನ್ನೂ ಹಸಿಯಾಗಿತ್ತು, ಅಂಗೈಯಿಂದ ನೂಕಿದರೆ ಇಟ್ಟಂಗಿ ಆಚೆ ಬೀಳುತ್ತಿತ್ತು. ಅಂಗೈ ಇಟ್ಟ. ನೂಕಲಿಲ್ಲ. ಕೆರೆಯುವುದು ನಿಂತಿತು. ಆಮೇಲೆ ಗೋಡೆಯ ಬುಡಕ್ಕೆ ಮೈಯೊಂದು ಧೊಪ್ಪೆಂದು ಬಿದ್ದು, ಉದ್ದಕ್ಕೆ ಉಸಿರು ಬಿಟ್ಟದ್ದು ಗೋಡೆಯ ಮೇಲಿನ ಖಾಲಿಯಿಂದ ಹಾದು ಬಂತು. ಅವನೂ ಮೆಲ್ಲಗೆ, ಸಪ್ಪಳ ಮಾಡದೆ, ಆ ಒದ್ದೆ ಚೌಕಕ್ಕೆ ಬೆನ್ನು ಕೊಟ್ಟು ಮಲಗಿದ. ನಡುವೆ ಒಂದು ಇಟ್ಟಂಗಿ.

“ನೋಡ್ರಿಲ್ಲೆ,” ಆಚೆಯಿಂದ ವೈನಿಯ ದನಿ. “ಮತ್ತ ಆ ಗ್ವಾಡೀಗೇ ಹೋಗಿ ಬಿದ್ದೈತಿ. ಅವನ ಮಗ್ಗಲಾ ಬೇಕಾಗೇತಿ ಇದಕ್ಕ.”

“ಅವನ ಮಗ್ಗಲೇನ, ಹಸೀ ಸಿಮಿಟಿ ತಂಪ ಇರತೈತಿ,” ಎಂದ ಅಣ್ಣ. “ಬ್ಯಾಸಗಿ ದಿನ. ತಂಪಿಗೆ ಮಲಗೇತಿ.”

ಖರೆ, ತಂಪಾಗಿತ್ತು. ಬೆನ್ನಿಗೆ ಬನಿಯನ್ನು ಒದ್ದೆಯಾಗಿ ಅಂಟಿಕೊಂಡಿತ್ತು. ಶ್ರೀಶೈಲ ಅಲುಗಾಡಲಿಲ್ಲ. ಕಣ್ಣು ತೆರೆದೇ ಇದ್ದ.